ಗೊತ್ತಿಲ್ಲ ಎಂಬುದಕ್ಕೊಂದು ಜಾಗ

ಗದಗ
ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ಇನ್ನೂರ ಹದಿನೇಳು

ಇನ್ನೂರು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಸಭೆ ಸೇರಿದ್ದ ಹಿರಿಯರಿಗೆ ನೀಲಾಂಬಿಕಾ ತಂಬ್ರಳ್ಳಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಒಂದು ಸಂಸ್ಥೆಯ ಯಂತ್ರ ಇನ್ನೊಂದು ಸಂಸ್ಥೆಯ ಯಂತ್ರದೊಡನೆ ಮಾತಾಡುವಾಗ ದಿನದ ಎಣಿಕೆ ತೊಡಕಾಗುತ್ತಿತ್ತಂತೆ, ಹಾಗಾಗಿ ತಿಂಗಳುಗಳನ್ನೇ ಸಮ ಮಾಡಿಬಿಟ್ಟರು. ಉಳಿದ ಐದು ದಿನಗಳನ್ನು ವರ್ಷದ ಕೊನೆಗೆ ರಜೆಯಾಗಿ ಕೊಟ್ಟಿದ್ದಾರೆ, ಅಷ್ಟು ಮಟ್ಟಿಗೆ ಪುಣ್ಯ ಕಟ್ಟಿಕೊಂಡಿದ್ದಾರೆ. ನನ್ನ ಕೆಲವು ಮಾತುಗಳು ನಿಮಗೆ ಅಪರಿಚಿತ ಅನ್ನಿಸಬಹುದು. ಕ್ಷಮಿಸಿ, ಬಂದ ಹಾಗೆ ಬಿಡಿಸಿ ಹೇಳುತ್ತೇನೆ.

ನಾವು ಬದುಕುತ್ತಿರುವುದು ಕೂಡುಹರಿವಿನಲ್ಲಿ. ಎಲ್ಲ ಸಂಸ್ಥೆಗಳ ಮಾಹಿತಿ ಒಂದರೊಳಗೊಂದು ಹರಿಯುವ ಏರ್ಪಾಡಿಗೆ ನಾವು ಇಟ್ಟುಕೊಂಡ ಹೆಸರು ಅದು. ನಮ್ಮ ಬೀದಿಯ ಖಾನಾವಳಿಯಲ್ಲಿ ಜೋಳದ ಹಿಟ್ಟು ಮೊಣಕೈ ಆಳಕ್ಕೆ ಇಳಿದರೆ ಗಿರಣಿಗೆ ತಿಳಿಯುತ್ತದೆ. ಗಿರಣಿಗೆ ತಿಳಿದದ್ದು ಉಗ್ರಾಣಕ್ಕೂ, ಉಗ್ರಾಣಕ್ಕೆ ತಿಳಿದದ್ದು ಗಾಡಿಗಳಿಗೂ ತಿಳಿಯುತ್ತದೆ. ಖಾನಾವಳಿಯವರು ಬಾಯಿ ಬಿಟ್ಟು ಹಿಟ್ಟು ಬೇಕೆಂದು ಕೇಳಿದ್ದನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ಬಾಣಂತಿ ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಕೂಸಿನ ಅಳತೆಯ ಅಂಗಿ ಬಾಗಿಲಲ್ಲಿರುತ್ತದೆ. ನಿಮ್ಮ ಕಾಲದ ಕಚೇರಿಗಳಲ್ಲಿ ಒಂದು ಮೇಜಿನ ಕಾಗದ ಪಕ್ಕದ ಮೇಜಿಗೆ ಹೋಗಲು ವಾರ ಹಿಡಿಯುತ್ತಿತ್ತೆಂದು ಓದಿ ನಾವು ಶಾಲೆಯಲ್ಲಿ ಬಿದ್ದು ಬಿದ್ದು ನಕ್ಕಿದ್ದೇವೆ. ಈಗ ನಗು ಬರುವುದಿಲ್ಲ.

ನನ್ನ ಕೆಲಸ ತಾಳೆಗಾರ್ತಿಯದು. ಯಾವುದೇ ಮದ್ದು ಆಸ್ಪತ್ರೆ ಸೇರುವ ಮುನ್ನ ಮೂರು ಸಂಸ್ಥೆಗಳು ಅದರ ಬಗ್ಗೆ ಹೇಳಿಕೆ ಕೊಡಬೇಕು: ತಯಾರಿಸಿದವರು, ಸಾಗಿಸಿದವರು, ತಂಪುಗೋದಾಮಿನವರು. ಮೂರೂ ಹೇಳಿಕೆ ತಾಳೆಯಾದರೆ ನಾನು ಬಿಡುಗಡೆ ಒತ್ತುತ್ತೇನೆ. ಇಪ್ಪತ್ತೆರಡು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ, ಕೆಲಸದಲ್ಲಿ ಗಟ್ಟಿ ಎಂಬ ಹೆಸರೂ ಇದೆ. ಈಗ ಹೇಳಬೇಕಾದದ್ದು ಆ ಹೆಸರಿಗೆ ಒಪ್ಪುವಂಥದ್ದಲ್ಲ.

ಕಳೆದ ತಿಂಗಳು ಎಂಟನೇ ತಾರೀಖು ಬೆಳಗ್ಗೆ ಕೆಂಡಜ್ವರದ ಮದ್ದು ಹೊತ್ತ ಗಾಡಿ ನಮ್ಮೂರ ತಂಪುಗೋದಾಮಿಗೆ ಬಂತು. ಕೆಂಡಜ್ವರ ಎಳೆಮಕ್ಕಳಿಗೆ ಬರುವ ಕಾಯಿಲೆ, ನಿಮಗೆ ಗೊತ್ತಿರಲಿಕ್ಕಿಲ್ಲ. ಆ ಮದ್ದು ಒಮ್ಮೆ ಬಿಸಿಯಾದರೆ ಮತ್ತೆ ಎಷ್ಟು ತಣ್ಣಗಾದರೂ ನೀರಿಗೆ ಸಮ. ಗಾಡಿಯ ಶಾಖಮಾಪಕ ದಾರಿಯಲ್ಲಿ ಒಂಬತ್ತು ತಾಸು ಏನನ್ನೂ ಬರೆದಿರಲಿಲ್ಲ. ಗೋದಾಮಿನ ಗುಮಾಸ್ತ ಹಜರತಸಾಬ ನದಾಫ ಪೆಟ್ಟಿಗೆಗಳನ್ನು ಮುಟ್ಟಿ ನೋಡಿದರು, ಚಾಲಕನನ್ನು ಕೇಳಿದರು. ಪೆಟ್ಟಿಗೆ ತಣ್ಣಗಿತ್ತು, ಚಾಲಕನಿಗೆ ಏನೂ ತಿಳಿದಿರಲಿಲ್ಲ. ಪರದೆ ಮಾತ್ರ ಒಂದೇ ಪ್ರಶ್ನೆ ಕೇಳುತ್ತಿತ್ತು: ಮದ್ದು ದಾರಿಯುದ್ದಕ್ಕೂ ತಂಪಾಗಿತ್ತೇ? ಉತ್ತರಕ್ಕೆ ಎರಡೇ ಮನೆ, ಹೌದು ಮತ್ತು ಇಲ್ಲ. ಇಲ್ಲ ಎಂದರೆ ಇಡೀ ಲೋಡು ನಾಶವಾಗಿ ಐದು ಜಿಲ್ಲೆಗಳ ಆಸ್ಪತ್ರೆಗಳು ಹದಿನೈದು ದಿನ ಬರಿಗೈಯಲ್ಲಿ ಕೂರಬೇಕು. ಉತ್ತರ ತುಂಬದೆ ಗೋದಾಮಿನ ಬಾಗಿಲು ತೆರೆಯುವುದಿಲ್ಲ, ಹಿಂದೆ ಆರು ಗಾಡಿ ನಿಂತಿದ್ದವು.

ಅವರು ನನಗೆ ಕರೆ ಮಾಡಿದರು. "ಅಕ್ಕಾರ, ಈಗ ಮುಟ್ಟಿದ್ರ ತಣ್ಣಗ ಐತ್ರಿ. ಆದ್ರ ದಾರ್ಯಾಗ ಒಂಬತ್ತ ತಾಸು ಹೆಂಗಿತ್ತೋ ನನಗ ಗೊತ್ತಿಲ್ರಿ. ಗೊತ್ತಿಲ್ಲ ಅಂತ ಎಲ್ಲಿ ಬರೀಲ್ರಿ?" ಎಂದು ಕೇಳಿದರು. ನಾನು ಚಹಾ ಕುಡಿಯುತ್ತಿದ್ದೆ. ಲೋಟ ಕೆಳಗೂ ಇಡದೆ, "ಹಂಗ ಬರಿಯಾಕ ಜಾಗ ಇಲ್ರಿ ನದಾಫರ. ಈಗ ತಣ್ಣಗ ಐತಲ್ಲ, ಹೌದು ಅಂತ ಒತ್ತಿಬಿಡ್ರಿ," ಎಂದೆ.

ಅವರು ಒತ್ತಿದರು. ಮುಂದೆ ಆದದ್ದನ್ನು ನಾನು ತಿಳಿದುಕೊಂಡದ್ದು ತಡವಾಗಿ. ಸಾಗಣೆ ಸಂಸ್ಥೆಯ ಯಂತ್ರ ತನ್ನ ಖಾಲಿ ಒಂಬತ್ತು ತಾಸನ್ನು ಗೋದಾಮಿನ ಉತ್ತರದಿಂದ ತುಂಬಿಕೊಂಡಿತು. ತಯಾರಕರ ಯಂತ್ರ ಸಾಗಣೆಯವರಿಂದ ಅದನ್ನೇ ಎತ್ತಿಕೊಂಡಿತು. ಎರಡು ನಿಮಿಷದಲ್ಲಿ ನನ್ನ ಮುಂದೆ ಮೂರು ಸಂಸ್ಥೆಗಳ ಮೂರು ಹೌದು ಸಾಲಾಗಿ ನಿಂತವು. ಅದು ಒಬ್ಬ ಮನುಷ್ಯನ ಅನುಮಾನ ಮೂರು ಅಂಗಿ ತೊಟ್ಟು ಬಂದದ್ದು ಎಂದು ನನಗೆ ಹೊಳೆಯಲಿಲ್ಲ. ಆಗಷ್ಟೇ ಆ ಅನುಮಾನವನ್ನು ನನ್ನ ಕಿವಿಯಾರೆ ಕೇಳಿದ್ದೆ. ಆದರೂ ಮೂವರೂ ಹೌದೆನ್ನುತ್ತಿದ್ದಾರೆ ಎಂದು ಸಮಾಧಾನವಾಯಿತು, ನಿಜವಾಗಿಯೂ ಸಮಾಧಾನವಾಯಿತು. ಬಿಡುಗಡೆ ಒತ್ತಿದೆ. ಆಸ್ಪತ್ರೆಯ ವೈದ್ಯರು ಮೂವರ ಒಪ್ಪಿಗೆ ಕಂಡು ಮತ್ತೆ ಕೇಳಲಿಲ್ಲ. ಮೂರು ಮಕ್ಕಳು ತೀರಿಕೊಂಡವು. ಒಂದು ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ.

ವಿಚಾರಣೆ ನಡೆಯಿತು. ಕೂಡುಹರಿವಿನಲ್ಲಿ ಹಿಂದಕ್ಕೆ ಹೋಗುತ್ತಾ ಹೋದರೆ ಸಿಗುವುದು ಒಂದೇ ಬೆರಳು, ನದಾಫರದು. ನಮ್ಮ ಕರೆ ಎಲ್ಲಿಯೂ ದಾಖಲಾಗಿಲ್ಲ. ಬಾಯಿಮಾತನ್ನು ನಮ್ಮ ಕಾಲ ಮಾಹಿತಿ ಎಂದು ಎಣಿಸುವುದಿಲ್ಲ. ನಾನೂ ಆ ಕೊಠಡಿಯಲ್ಲಿ ಕುಳಿತಿದ್ದೆ. ಹೀಗೆ ಒತ್ತಲು ಯಾರಾದರೂ ಹೇಳಿದರೇ ಎಂದು ವಿಚಾರಣೆಯವರು ಕೇಳಿದಾಗ ಅವರು ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ಒತ್ತೀದ ಬಟ್ಟು ನಂದು ಐತ್ರಿ. ಇನ್ನೊಬ್ರ ಹೆಸರ ಯಾಕ ತರ್ಲಿ," ಎಂದರು. ನಾನು ತಲೆ ತಗ್ಗಿಸಿ ಕುಳಿತೆ. ಹೇಡಿತನಕ್ಕೆ ಬೇರೆ ಹೆಸರು ಕೊಟ್ಟು ನಿಮ್ಮ ಮುಂದೆ ಮರ್ಯಾದೆ ಉಳಿಸಿಕೊಳ್ಳುವ ಆಸೆ ನನಗಿಲ್ಲ.

ಇಂಥ ತಪ್ಪಿಗೆ ನಮ್ಮಲ್ಲಿ ಜೈಲಿಲ್ಲ, ಹೆಸರಳಿಕೆ ಇದೆ. ತಪ್ಪಿತಸ್ಥರ ಹೆಸರನ್ನು ಎಲ್ಲ ಸಂಸ್ಥೆಗಳಿಂದಲೂ ತೆಗೆಯುತ್ತಾರೆ. ಅಲ್ಲಿಂದಾಚೆಗೆ ಬಸ್ಸಿನ ಬಾಗಿಲು ಅವರಿಗೆ ತೆರೆಯುವುದಿಲ್ಲ, ಖಾನಾವಳಿಯ ತಟ್ಟೆ ಅವರ ಮುಂದೆ ಬರುವುದಿಲ್ಲ, ಆಸ್ಪತ್ರೆಗೆ ಅವರು ಯಾರೆಂಬುದು ತಿಳಿಯುವುದಿಲ್ಲ. ಊರಿನ ನಡುವೆ ನಿಂತು ಊರಿಗೆ ಕಾಣದವರಾಗುತ್ತಾರೆ. ನದಾಫರಿಗೆ ಅರವತ್ತೊಂದು ವರ್ಷ, ದಿನಕ್ಕೆರಡು ಬಾರಿ ಎದೆಯ ಮದ್ದು ಬೇಕು. ಕೊನೆಯ ವರದಿಯನ್ನು ತಾಳೆಗಾರ್ತಿಯೇ ತುಂಬಬೇಕೆಂಬುದು ನಿಯಮ. ಆ ವರದಿ ಈಗ ನನ್ನ ಮುಂದಿದೆ, ಇಂದು ಮಧ್ಯಾಹ್ನ ಹನ್ನೆರಡಕ್ಕೆ ಮುಚ್ಚುತ್ತದೆ.

ನಿಮಗೆ ಏಕೆ ಬರೆಯುತ್ತಿದ್ದೇನೆಂದರೆ, ಈ ಆರು ವಾರ ನಾನು ಆ ಎರಡು ಮನೆಗಳ ಮೂಲ ಹುಡುಕುತ್ತಾ ಹೋದೆ. ಹೌದು, ಇಲ್ಲ ಎಂಬ ಆ ನಮೂನೆ ನಿಮ್ಮದು. ಅದನ್ನು ಮಾಡಿದ ದಿನದ ಸಭೆಯ ನಡಾವಳಿ ಸಿಕ್ಕಿತು. ಹೆಸರು ದಾಖಲಾಗದ ಒಬ್ಬರು, ಗೊತ್ತಿಲ್ಲ ಎಂಬ ಮೂರನೆಯ ಮನೆಯೂ ಇರಲಿ ಎಂದು ಕೇಳಿದ್ದಾರೆ. ಕೆಳಗೆ ಒಂದೇ ಸಾಲು ಇದೆ: ಮುಂದಿನ ಆವೃತ್ತಿಯಲ್ಲಿ ನೋಡೋಣ. ನೀವು ಕೆಟ್ಟವರಲ್ಲ, ಅದು ನನಗೆ ಗೊತ್ತು. ಊಟದ ಹೊತ್ತಾಗಿತ್ತೋ ಏನೋ. ಆದರೆ ಆಮೇಲೆ ಆ ನಮೂನೆಗೆ ಒಂದು ಸಂಸ್ಥೆ ತಗುಲಿಕೊಂಡಿತು, ಅದರ ಹಿಂದೆ ಹತ್ತು, ಅವುಗಳ ಹಿಂದೆ ಸಾವಿರ. ಈಗ ಒಂದು ಮನೆ ಸೇರಿಸಬೇಕೆಂದರೆ ಸಾವಿರದ ನೂರ ನಲವತ್ತು ಸಂಸ್ಥೆಗಳು ಒಂದೇ ದಿನ ಒಪ್ಪಬೇಕು. ಏಳು ಬಾರಿ ಪ್ರಯತ್ನಿಸಿ ಕೈಬಿಟ್ಟಿದ್ದೇವೆ. ನಿಮಗೆ ಅರ್ಧ ಗಂಟೆಯ ಕೆಲಸವಾಗಿತ್ತು.

ನನ್ನ ಬೇಡಿಕೆ ಅಷ್ಟೇ. ಆ ಅರ್ಧ ಗಂಟೆ ಕೊಡಿ. ನೀವು ಕಟ್ಟುವ ಪ್ರತಿಯೊಂದು ನಮೂನೆಯಲ್ಲೂ, ಗೋದಾಮಿನ ಬಾಗಿಲಲ್ಲಿ ನಿಂತು ನಿಜ ಹೇಳಲು ಒದ್ದಾಡುವ ಒಬ್ಬ ಗುಮಾಸ್ತನಿಗೆ ಒಂದು ಮನೆ ಬಿಡಿ. ಒಬ್ಬರ ಮಾತು ಇನ್ನೊಬ್ಬರ ಪುಸ್ತಕಕ್ಕೆ ಹೋದಾಗ ಅದು ಯಾರ ಮಾತು ಎಂಬುದೂ ಜೊತೆಗೆ ಹೋಗಲಿ.

ಹನ್ನೊಂದೂವರೆಯಾಗಿದೆ. ವರದಿಯ ಪ್ರಶ್ನೆ ಹೀಗಿದೆ: ತಪ್ಪು ಹೇಳಿಕೆ ಯಾರದು? ಒಂದು ಹೆಸರಿಗೆ ಮಾತ್ರ ಜಾಗ. ನದಾಫರದೂ ನನ್ನದೂ ನಿಮ್ಮದೂ ಎಂದು ಬರೆಯಲಾಗುವುದಿಲ್ಲ. ಹೆಸರು ಅಳಿದವರ ಬರಹವನ್ನು ಯಾವ ಸಂಸ್ಥೆಯೂ ಇಟ್ಟುಕೊಳ್ಳುವುದಿಲ್ಲವಾದ್ದರಿಂದ ಇದನ್ನು ಕಾಗದದ ಮೇಲೆ ಕೈಯಾರೆ ಬರೆದಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ. ಜೋಪಾನ ಮಾಡಲೆಂದು ಇದನ್ನು ನದಾಫರ ಕೈಗೆ ಕೊಡಲು ಈಗ ಗೋದಾಮಿನವರೆಗೆ ನಡೆದು ಹೋಗುತ್ತೇನೆ. ಬರುವಾಗಲೂ ನಡೆದೇ ಬರಬೇಕಾಗುತ್ತದೆ. ವರದಿಯಲ್ಲಿ ತಂಬ್ರಳ್ಳಿ ನೀಲಾಂಬಿಕಾ ಎಂದು ತುಂಬಿದ್ದೇನೆ.