ಖಾಲಿ ಬಿಡದ ಅರ್ಜಿ

ಆಸ್ಪತ್ರೆಯ ಹೊರಗಿನ ಕಲ್ಲುಬೆಂಚು,
ಮಂಗಳವಾರ, ೧೨ನೇ ತಾರೀಖು, ಬೆಳಿಗ್ಗೆ ಹನ್ನೊಂದು

ಪ್ರೀತಿಯ ಅಕ್ಕಾ,

ಮೂಳೆ ವಾರ್ಡಿನ ಮಾನ್ಯ ಮಹಾಜನಗಳೇ, ಮುರಿದವರೇ, ಮುರಿದು ಕೂಡಿದವರೇ, ಒಂದು ಕಾಲನ್ನು ಮೇಲಕ್ಕೆ ತೂಗುಹಾಕಿಸಿಕೊಂಡು ಕೆಳಗಿನ ಲೋಕವನ್ನು ಕಡೆಗಣ್ಣಲ್ಲಿ ನೋಡುತ್ತಿರುವ ಗಣ್ಯರೇ, ಹಾಗೂ ಈ ಕಾಗದ ಓದಿ ಹೇಳುವ ಹೊರೆ ಹೊತ್ತ ಗಟ್ಟಿದನಿಯ ನರ್ಸಮ್ಮನವರೇ! ನಮ್ಮಕ್ಕನ ಕನ್ನಡಕ ಅವಳ ಜೊತೆಗೇ ಬಿದ್ದು ಪುಡಿಯಾಗಿದೆ, ಫೋನು ಅದಕ್ಕಿಂತ ಮೊದಲೇ ಪ್ರಾಣ ಬಿಟ್ಟಿದೆ, ಹೆಂಗಸರ ವಾರ್ಡಿಗೆ ಗಂಡಸರಿಗೆ ನಾಲ್ಕು ಗಂಟೆಯವರೆಗೆ ಪ್ರವೇಶವಿಲ್ಲ. ಆದ್ದರಿಂದ ಅವಳಿಗೆ ಬರೆದದ್ದನ್ನು ತಾವೆಲ್ಲರೂ ಕೇಳಿಸಿಕೊಳ್ಳುವುದು ಅನಿವಾರ್ಯ. ಹೇಗೂ ಕೇಳುತ್ತೀರಿ, ಕೇಳದವರಂತೆ ನಟಿಸುವ ತೊಂದರೆ ಬೇಡ ಎಂದು ಸಭೆಗೇ ನಮಸ್ಕರಿಸಿ ಶುರುಮಾಡಿದ್ದೇನೆ.

ಅಕ್ಕಾ, ಕಾಲು ಹೇಗಿದೆ? ತೊಡೆಯೊಳಗೆ ಕಬ್ಬಿಣದ ಸರಳು ಕೂರಿಸಿದ್ದಾರಂತೆ, ಮನೆಯಲ್ಲಿ ನಿನ್ನ ಮಾತು ಮೀರುವುದು ಇನ್ನು ಮೊದಲಿಗಿಂತ ಕಷ್ಟ. ನಿದ್ದೆ ಬಂತೇ, ನೋವಿನ ಇಂಜೆಕ್ಷನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದೀಯಾ, ಅಥವಾ ಪಕ್ಕದ ಮಂಚದವರಿಗೆ ಮೊದಲು ಹಾಕಿ ಅನ್ನುತ್ತಿದ್ದೀಯಾ? ಡಾಕ್ಟರು ನನಗೆ ಬೆರಳು ತೋರಿಸಿ ಹೇಳಿದ್ದನ್ನು ನಿನಗೂ ತಲುಪಿಸುತ್ತೇನೆ. ಹತ್ತು ದಿನ ಆ ಕಾಲು ನೆಲ ಮುಟ್ಟಬಾರದು. ಮುಟ್ಟಿದರೆ ಮತ್ತೆ ಕೊಯ್ಯಬೇಕಾಗುತ್ತದೆ, ಆಮೇಲೆ ಕೋಲಿಲ್ಲದೆ ನಡೆಯುವ ಮಾತು ಮರೆತುಬಿಡಿ ಅಂದರು. ಒಂದು ಕೋಲು ಹಿಡಿದವಳು ದೊರೆಯನ್ನು ಎತ್ತುವುದು ಹೇಗೆ? ಅದನ್ನು ನೀನೇ ಯೋಚಿಸಿ ಹಾಸಿಗೆಗೆ ಅಂಟಿಕೊಂಡಿರು.

ಸಭಿಕರ ತಿಳಿವಳಿಕೆಗಾಗಿ: ದೊರೆ ಎಂದರೆ ನಮ್ಮಿಬ್ಬರ ಕೊನೆಯ ತಮ್ಮ. ವಯಸ್ಸು ಮೂವತ್ತಾರು. ಹುಟ್ಟಿದಾಗಿನಿಂದ ಕೈಕಾಲು ಅವನ ಮಾತು ಕೇಳುವುದಿಲ್ಲ, ಮಾತು ಅವನ ನಾಲಿಗೆಯ ಮಾತು ಕೇಳುವುದಿಲ್ಲ, ನಾವು ಮಾತ್ರ ಎಲ್ಲರೂ ಅವನ ಮಾತು ಕೇಳುತ್ತೇವೆ. ಹೆಸರು ಹಾಗೆ ಬಂತು. ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ ಒಳಗೆ ಹೋಗಬೇಕು. ಹೋಗದಿದ್ದರೆ ಫಿಟ್ಸ್ ಬರುತ್ತದೆ. ಅಮ್ಮ ತೀರಿಕೊಂಡ ವಾರದ ಗಡಿಬಿಡಿಯಲ್ಲಿ ಒಂದು ದಿನ ತಪ್ಪಿ, ಅವನು ಬಿಲ್ಲಿನ ಹಾಗೆ ಬಗ್ಗಿ ಸೆಟೆದುಕೊಂಡದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಒಳಗೆ ಹೋಗಿ ಹಿಡಿದವಳು ನೀನು.

ನಿನ್ನೆ ಬೆಳಿಗ್ಗೆ ಎಂಟಕ್ಕೆ ನಿನ್ನ ಪಕ್ಕದ ಮನೆಯ ಟೈಲರಮ್ಮನ ಫೋನು ಬಂದಾಗ ನಾನು ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದೆ. ಹಚ್ಚಿಕೊಂಡೇ ಓಡಿಬಂದೆ ಎನ್ನುವುದು ನಿನಗೆ ನೆನಪಿರಲಿಕ್ಕಿಲ್ಲ, ಆಂಬುಲೆನ್ಸಿನವರಿಗೆ ಚೆನ್ನಾಗಿ ನೆನಪಿದೆ. ನಿಮ್ಮ ಮನೆಯೊಳಗೆ ಕಾಲಿಟ್ಟಾಗ ಕಂಡದ್ದು ಇನ್ನೂ ಕಣ್ಣಿಂದ ಇಳಿದಿಲ್ಲ. ಮಗುಚಿದ ಸ್ಟೂಲು, ಅರ್ಧ ಕೊಕ್ಕೆಗೆ ಸಿಕ್ಕಿಸಿ ಅರ್ಧ ಜೋತುಬಿದ್ದ ಪರದೆ, ನೆಲದ ಮೇಲೆ ನೀನು, ಇರಬಾರದ ದಿಕ್ಕಿಗೆ ತಿರುಗಿದ ನಿನ್ನ ಕಾಲು. ಅಳುತ್ತಿರಬಹುದು ಅಂದುಕೊಂಡೆ. ನೀನು ಟೈಲರಮ್ಮನಿಗೆ ದೊರೆಯ ಕುರ್ಚಿಯನ್ನು ನಿನ್ನ ಹತ್ತಿರಕ್ಕೆ ತಳ್ಳಲು ಹೇಳುತ್ತಿದ್ದೆ. "ಮೊದ್ಲು ಅವನ ಮಾತ್ರೆ ಆಗ್ಲಿ, ಆಮೇಲೆ ನನ್ನ ಎತ್ತಿ" ಅಂದೆ. ನಾನು ಬೀದಿಬಾಗಿಲಿಗೆ ಹೋಗಿ ಆಂಬುಲೆನ್ಸಿಗೆ ಕೈಬೀಸಿ ಬರುವಷ್ಟರಲ್ಲಿ, ತೊಡೆ ಮುರಿದುಕೊಂಡು ನೆಲದಲ್ಲಿ ಮಲಗಿದವಳು ಅವನಿಗೆ ಮಾತ್ರೆ ಕೊಟ್ಟು ಮುಗಿಸಿದ್ದೆ, ಅವನು ತುಟಿ ಚಪ್ಪರಿಸುತ್ತಿದ್ದ. ಪ್ರಾಸ ಕಟ್ಟುವುದು ನನ್ನ ಹುಟ್ಟುರೋಗ, ನಿನಗೆ ಗೊತ್ತು. ಸೂತಕದ ಮನೆಯಲ್ಲೂ ನಾಲಿಗೆ ಸುಮ್ಮನಿರದು. ನಿನ್ನೆ ಮಾತ್ರ ಒಂದು ಸಾಲೂ ಹುಟ್ಟಲಿಲ್ಲ.

ನಿನ್ನನ್ನು ಆಪರೇಷನ್ನಿಗೆ ತಳ್ಳಿಕೊಂಡು ಹೋಗುವಾಗ ನೀನೇ ಒಪ್ಪಿದ್ದೆ, ಹತ್ತು ದಿನದ ಮಟ್ಟಿಗೆ ಅವನನ್ನು ಆರೈಕೆ ಕೇಂದ್ರಕ್ಕೆ ಬಿಡು ಅಂತ. ಫೋನು ಮಾಡಿದೆ. ತುರ್ತಿಗೆಂದು ಇಟ್ಟಿರುವ ಹಾಸಿಗೆ ಒಂದೇ ಒಂದು ಖಾಲಿ ಇದೆ, ನಾಲ್ಕು ಗಂಟೆಯೊಳಗೆ ಅವನನ್ನೂ ಅರ್ಜಿಯನ್ನೂ ತಂದರೆ ನಿಮ್ಮದು, ಇಲ್ಲದಿದ್ದರೆ ಕಾಯುತ್ತಿರುವ ಇನ್ನೊಬ್ಬರದು ಅಂದರು. ಅವನ ಬಟ್ಟೆ ತುಂಬಿಕೊಳ್ಳಲು ನಿಮ್ಮ ಕೋಣೆಗೆ ಹೋದೆ. ಅಕ್ಕಾ, ಎಷ್ಟು ವರ್ಷದಿಂದ ಭಾನುವಾರ ಭಾನುವಾರ ಬರುತ್ತಿದ್ದೇನೆ, ಆ ಕೋಣೆಯ ಹೊಸ್ತಿಲು ನಾನು ದಾಟಿರಲಿಲ್ಲ ಎಂದು ದಾಟಿದ ಮೇಲೆ ತಿಳಿಯಿತು. ಅವನ ಮಂಚದ ಪಕ್ಕ ನೆಲದ ಮೇಲೆ ನಿನ್ನ ಚಾಪೆ. ಮಂಚದ ಸರಳಿಗೆ ಒಂದು ಉದ್ದನೆಯ ಬಟ್ಟೆಯ ಲಾಡಿ, ಅದರ ಎರಡು ತುದಿಯಲ್ಲೂ ಕುಣಿಕೆ. ಒಂದು ಸಣ್ಣದು, ಒಂದು ದೊಡ್ಡದು. ಏನಿದು ಅಂತ ಟೈಲರಮ್ಮನನ್ನು ಕೇಳಿದೆ. "ಒಂದು ಅವ್ನ ಕೈಗೆ, ಒಂದು ಅವ್ರ ಕೈಗೆ. ಅವ್ನು ಅಲ್ಲಾಡಿದ್ರೆ ಎಚ್ಚರ ಆಗ್ಬೇಕಲ್ಲ, ನಾನೇ ಹೊಲಿದುಕೊಟ್ಟಿದ್ದು" ಅಂದರು, ನನಗಿದು ಗೊತ್ತಿಲ್ಲವೆಂದು ಅವರಿಗೇ ಸಂಕೋಚವಾದವರಂತೆ. ನಾನು ಚಾಪೆಯ ಮೇಲೆ ಕೂತುಬಿಟ್ಟೆ. ಆಮೇಲೆ ಅವನನ್ನು ಎತ್ತಲು ಹೋದೆ. ಎತ್ತಿದೆ, ಎತ್ತಿದಷ್ಟೇ ಬೇಗ ಇಳಿಸಿದೆ. ದಿನಕ್ಕೆ ಹತ್ತು ಸಲ ನೀನು ಎತ್ತುವ ಭಾರವನ್ನು ಕೇಂದ್ರದ ವ್ಯಾನಿನಿಂದ ಬಂದ ಇಬ್ಬರು ಗಟ್ಟಿಗರು ಎತ್ತಿದರು. ಎತ್ತಲಾರೆ, ಹೊರಲಾರೆ, ಹೊತ್ತವಳ ಮುಖ ನೋಡಲಾರೆ. ನೋಡು, ಚಾಳಿ ವಾಪಸು ಬಂತು.

ಅರ್ಜಿ ಆರು ಪುಟ. ಔಷಧಿ ಡಬ್ಬಿಗೆ ಅಂಟಿಸುವ ಚೀಟಿಗಳ ಕರಡು ತಿದ್ದಿ ಬದುಕುವವನಿಗೆ ಆರು ಪುಟ ಯಾವ ಲೆಕ್ಕ ಎಂದು ಪೆನ್ನು ತೆಗೆದೆ. ನಮ್ಮ ಪ್ರೆಸ್ಸಿನಲ್ಲಿ ಖಾಲಿ ಜಾಗ ಬಿಡುವುದು ಕೊಲೆಗೆ ಸಮ. ಒಂದು ಅಂಕಣ ಖಾಲಿ ಹೋದರೆ ಇಡೀ ಗಂಟು ವಾಪಸು ಬರುತ್ತದೆ; ಇಪ್ಪತ್ತು ವರ್ಷದಲ್ಲಿ ನನ್ನ ಮೇಜಿನಿಂದ ಒಂದೂ ಹೋಗಿಲ್ಲ. ಹೇಗೆ ಮಲಗಿಸಬೇಕು, ಯಾವುದಕ್ಕೆ ಹೆದರುತ್ತಾರೆ, ಯಾವ ದನಿಗೆ ಸಮಾಧಾನ, ನೋವಾದರೆ ಹೇಗೆ ತಿಳಿಸುತ್ತಾರೆ. ಒಂದೊಂದು ಪ್ರಶ್ನೆಗೂ ಉತ್ತರ ಬರೆದೆ, ದುಂಡಗಿನ ಅಕ್ಷರ, ಚಿತ್ತಿಲ್ಲ, ಕಾಟಿಲ್ಲ. ಅಲ್ಲಿಯ ಮೇಲ್ವಿಚಾರಕಿ ಒಳ್ಳೆಯ ಹೆಂಗಸು, ಸ್ವಲ್ಪ ಹೊತ್ತು ನೋಡಿ, "ಗೊತ್ತಿಲ್ಲದ್ದು ಗೊತ್ತಿಲ್ಲ ಅಂತಾನೇ ಬರೀರಿ ಸರ್, ಅವ್ರು ಎದ್ದಮೇಲೆ ಕೇಳ್ಕೊಳ್ಳೋಣ" ಅಂದರು. ನನ್ನ ಒಡಹುಟ್ಟಿದವನ ವಿಷಯ ನನಗೆ ಗೊತ್ತಿಲ್ಲವೇ ಎಂದು ಬೆನ್ನು ನೆಟ್ಟಗೆ ಮಾಡಿ ಮುಂದುವರಿಸಿದೆ. ಕೊನೆಯ ಪುಟದಲ್ಲಿ ಮಾತ್ರ ಪೆನ್ನು ನಿಂತಿತು. ಆರೈಕೆ ಮಾಡುವವರು ಕಳೆದ ಸಲ ಪೂರ್ತಿ ಒಂದು ದಿನ ಬಿಡುವು ಪಡೆದದ್ದು ಯಾವಾಗ? ಹಿಂದಕ್ಕೆ ಹಿಂದಕ್ಕೆ ಎಣಿಸಿದೆ. ನನ್ನ ಮಗಳ ಶಾಲೆಯ ನಾಟಕಕ್ಕೆ ನೀನು ಬರಲಿಲ್ಲ, ನಾವು ಬೇಜಾರು ಮಾಡಿಕೊಂಡಿದ್ದೆವು. ಅಮ್ಮನ ಕಡೆಯವರ ಮದುವೆಗೆ ಬರಲಿಲ್ಲ, ಜಂಬ ಅಂದಿದ್ದರು. ಎಣಿಸಿ ಎಣಿಸಿ ಅಮ್ಮ ಸತ್ತ ವರ್ಷಕ್ಕೆ ಹೋಗಿ ಮುಟ್ಟಿದೆ. ಹನ್ನೊಂದು ವರ್ಷ ಎಂದು ಬರೆದೆ. ಮೇಲ್ವಿಚಾರಕಿ ಅದನ್ನು ಓದಿ ಕನ್ನಡಕ ತೆಗೆದರು. "ನೀವು ಇದೇ ಊರಲ್ಲೇ ಇರೋದಾ?" ಅಂದರು. ನಾಲ್ಕು ಬೀದಿ ಆಚೆ, ಅಂದೆ. ಅವರು ಇನ್ನೇನೂ ಕೇಳಲಿಲ್ಲ, ಮುದ್ರೆ ಒತ್ತಿದರು. ಕೇಳಿದ್ದರೆ ವಾಸಿಯಿತ್ತು.

ದೊರೆಯ ಕೋಣೆಗೆ ಬೆಳಕು ಚೆನ್ನಾಗಿದೆ. ಮಂಚಕ್ಕೆ ಎರಡೂ ಕಡೆ ಕಂಬಿ, ಕಿಟಕಿಯಾಚೆ ಒಗೆದ ಬಟ್ಟೆ ಹಾರಾಡುವುದು ಕಾಣುತ್ತದೆ, ಅವನು ಅದನ್ನೇ ನೋಡುತ್ತಾನೆ. ನೋಡಿಕೊಳ್ಳುವವಳು ಅಗಲ ಭುಜದ, ನಿಧಾನ ಮಾತಿನ ಹೆಂಗಸು. ನಾನು ಬೆಳಿಗ್ಗೆ ಆರಕ್ಕೇ ಹೋಗಿ ನೋಡಿ ಬಂದೆ. ಆರಾಮಾಗಿದ್ದಾನೆ. ನಿನ್ನ ಕಾಲಿನ ವಿಚಾರ ಹೇಳಿದೆ, ರಾಜಗಾಂಭೀರ್ಯದಿಂದ ಕೇಳಿಸಿಕೊಂಡ.

ಅಲ್ಲಿಗೆ ವರದಿ ಮುಗಿಯಿತು. ಸಭಿಕರೆಲ್ಲರ ಎಲುಬುಗಳು ಬೇಗ ಬೆಸೆಯಲಿ, ಮನೆಯ ದಾರಿ ಹತ್ತಿರವಾಗಲಿ. ಟೈಲರಮ್ಮ ನಿನ್ನ ಗಿಡಗಳಿಗೆ ನೀರು ಹಾಕುತ್ತಿದ್ದಾರೆ, ನನ್ನವಳು ಕೆಲಸ ಮುಗಿಸಿ ಸಂಜೆ ಬರುತ್ತಾಳೆ. ನಿನ್ನ ಪಾದಕ್ಕೆ, ಎರಡಕ್ಕೂ, ಅದರಲ್ಲೂ ಎಡದ್ದಕ್ಕೆ ಮುಟ್ಟದೆ ನಮಸ್ಕರಿಸುವ

ನಿನ್ನ ಪ್ರಾಸರಾಯ

ಮರೆತದ್ದು: ನರ್ಸಮ್ಮಾ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡಿ. ಅಕ್ಕನ ಕಿವಿಯ ಹತ್ತಿರ ಓದಿ, ಮೊದಲು ಅವಳ ಭುಜ ಹಿಡಿದುಕೊಳ್ಳಿ. ಅಕ್ಕಾ, ಏಳಬೇಡ. ಅವನು ಉಸಿರಾಡುತ್ತಿದ್ದಾನೆ, ಚೆನ್ನಾಗಿ ಉಸಿರಾಡುತ್ತಿದ್ದಾನೆ. ಅರ್ಜಿಯಲ್ಲಿ ಏನೇನು ತಿನ್ನುತ್ತಾರೆ ಅಂತ ಕೇಳಿದ್ದರು. ಎಲ್ಲ ತಿನ್ನುತ್ತಾನೆ, ಬಿಸ್ಕತ್ತು ಅಂದರೆ ಪ್ರಾಣ ಅಂತ ಬರೆದೆ. ಪ್ರತಿ ಭಾನುವಾರ ನಾನು ತಂದ ಪೊಟ್ಟಣ ನೀನು ಅಡುಗೆಮನೆಗೆ ತೆಗೆದುಕೊಂಡು ಹೋಗುತ್ತಿದ್ದೆ, ನೆನೆಸಿ ಅರೆದು ಕೊಡುತ್ತೀಯ ಅಂತ ಟೈಲರಮ್ಮ ಇವತ್ತು ಹೇಳಿದರು. ನಿನ್ನೆ ಸಂಜೆ ಅವರು ಒಣ ಬಿಸ್ಕತ್ತು ಕೊಟ್ಟಿದ್ದಾರೆ. ಗಂಟಲಿಗೆ ಸಿಕ್ಕಿ ತುಟಿ ನೀಲಿಯಾಯಿತಂತೆ, ಆ ಹೆಂಗಸು ಬೋರಲು ಹಾಕಿ ಬೆನ್ನಿಗೆ ಗುದ್ದಿ ಹೊರಗೆ ತೆಗೆದಳು. ಅಲ್ಲಿಂದ ಬಾಯಿ ಬಿಗಿದವನು ಬಿಚ್ಚಿಲ್ಲ. ಹನಿ ನೀರಿಲ್ಲ, ನಿನ್ನೆ ಸಂಜೆಯ ಮಾತ್ರೆಯಿಲ್ಲ, ಇವತ್ತು ಬೆಳಗಿನದೂ ಇಲ್ಲ. ಮಧ್ಯಾಹ್ನದೊಳಗೆ ಬಿಡದಿದ್ದರೆ ಮೂಗಿನಲ್ಲಿ ನಳಿಕೆ ಇಳಿಸುತ್ತಾರೆ, ಅಷ್ಟರಲ್ಲಿ ಫಿಟ್ಸ್ ಬರದಿದ್ದರೆ. ಅವನ ಬಾಯಿ ಹೇಗೆ ತೆರೆಸುತ್ತೀಯ? ಎಲ್ಲಿ ಮುಟ್ಟುತ್ತೀಯ, ಏನು ಹೇಳುತ್ತೀಯ, ಮಾತ್ರೆ ಯಾವುದರಲ್ಲಿ ಕೊಡುತ್ತೀಯ? ಒಂದೂ ಬಿಡದೆ ನರ್ಸಮ್ಮನಿಗೆ ಹೇಳು, ಇದೇ ಕಾಗದದ ಹಿಂದೆ ಬರೆದುಕೊಳ್ಳುತ್ತಾರೆ, ನಾನು ವಾರ್ಡಿನ ಬಾಗಿಲಲ್ಲೇ ನಿಂತಿದ್ದೇನೆ. ಬೆಳಿಗ್ಗೆಯೇ ಗೇಟಿನವರ ಕೈಲಿ ಬಾಯಿಮಾತಿನಲ್ಲಿ ನಿನ್ನನ್ನು ಕೇಳಿಸಬಹುದಿತ್ತು. ನಾಚಿಕೆಯಾಗಿ ಇಷ್ಟು ಪುಟ ಬರೆಯುತ್ತ ಕೂತೆ. ಆರು ಪುಟದಲ್ಲಿ ನನಗೆ ಗೊತ್ತಿದ್ದದ್ದು ಅವನ ವಯಸ್ಸು ಮಾತ್ರ, ಅಕ್ಕಾ. ಇಷ್ಟು ವರ್ಷದಲ್ಲಿ ನಾನು ಅವನಿಗೆ ಒಂದು ತುತ್ತೂ ತಿನ್ನಿಸಿಲ್ಲ.