ಹದಿನೈದನೆಯ ಹೆಸರು

ಅರಸೀಕೆರೆ,
ಭಾನುವಾರ, ೮ ಜೂನ್ ೨೦೨೫

ಮುನಿಸಿಕೊಂಡು ಹೋದ ನನ್ನ ಮಗಳು ಸಿರಿಗೆ,

ಅಮ್ಮನ ಮುತ್ತು. ಬೇಡವಾದರೆ ಕೆನ್ನೆ ಒರೆಸಿಕೊ, ನಾನಂತೂ ಕಳಿಸುವವಳೇ.

ಫೋನ್ ಮಾಡಿ ಮಾಡಿ ಸಾಕಾಯಿತು ಕಣೇ. ನಿನ್ನದು ಸ್ವಿಚ್ ಆಫ್. ಅಜ್ಜಿಗೆ ಮಾಡಿದರೆ, “ಮಗು ಕೊಟ್ಟಿಗೇಲೈತೆ ಕಣವ್ವ, ಆಮ್ಯಾಕೆ ಮಾಡು” ಎನ್ನುತ್ತಾಳೆ. ಒಂದು ವಾರದಿಂದ ನೀನು ಕೊಟ್ಟಿಗೆಯಲ್ಲೇ ಇದ್ದೀಯ. ಹಸುಗಳಿಗೂ ಬೇಸರ ಬಂದಿರಬೇಕು. ಮಾದಿಹಳ್ಳಿಗೆ ನಾನೇ ಬಸ್ಸು ಹತ್ತಿ ಬರಬಹುದಿತ್ತು. ಬರುವ ಧೈರ್ಯವಿಲ್ಲ. ಅಜ್ಜನ ಎದುರು ಜಗುಲಿಯ ಮೇಲೆ ಕೂತು ಇದನ್ನೆಲ್ಲ ಹೇಳಲು ನನ್ನಿಂದ ಆಗದು. ಆದ್ದರಿಂದ ಈ ಕಾಗದ. ನಮ್ಮ ಕಾಲೇಜಿನ ಅಟೆಂಡರ್ ಉಮೇಶ್ ನಾಳೆ ಹಳೇಬೀಡಿನ ಕಡೆ ಹೋಗುವವನಿದ್ದಾನೆ, ನಿನ್ನ ಕೈಗೇ ಕೊಡುತ್ತೇನೆಂದು ಒಪ್ಪಿಕೊಂಡಿದ್ದಾನೆ.

ಹೋದ ಭಾನುವಾರದ ಊಟದ ಹೊತ್ತು ನನ್ನ ಕಣ್ಣಿನಿಂದ ಹೋಗುತ್ತಲೇ ಇಲ್ಲ. ನಾನು ಮುದ್ದೆ ಮುರಿಯುತ್ತಿದ್ದೆ. ನೀನು, ನಿನ್ನ ಗೆಳತಿ ಆಶ್ರಿತಾ ಕೊಟ್ಟ ಹಳೆಯ ಸಿಇಟಿ ಕೈಪಿಡಿಯನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಪುಟ ತಿರುವುತ್ತಿದ್ದೆ. ಪಶುವೈದ್ಯ ಪದವಿಗೆ ಸೇರಲು ಪಿಯುಸಿಯಲ್ಲಿ ಏನೇನು ಓದಿರಬೇಕು ಎಂಬ ಪುಟ ಬಂದಾಗ ನೀನು ಗಟ್ಟಿಯಾಗಿ ಓದಿದೆ: ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ. ಇನ್ನೊಮ್ಮೆ ಓದಿದೆ. ಆಮೇಲೆ, “ಅಮ್ಮ, ನೀನು ಹೇಳ್ತಿದ್ದ ಮೂರು ತಿಂಗಳ ಬಯಾಲಜಿ ಕೋರ್ಸು ಇದರಲ್ಲಿ ಎಲ್ಲೂ ಇಲ್ವಲ್ಲ?” ಎಂದು ಕೇಳಿದೆ. ನಿನ್ನ ದನಿಯಲ್ಲಿ ಸಂಶಯ ಕೂಡ ಇರಲಿಲ್ಲ. ಕೈಪಿಡಿಯದೇ ತಪ್ಪಿರಬೇಕು ಎನ್ನುವ ಹಾಗೆ ಕೇಳಿದೆ.

ಹದಿನೆಂಟು ವರ್ಷ ಪಾಠ ಹೇಳಿದ ನಾನು ಮುರಿದ ತುತ್ತನ್ನು ತಟ್ಟೆಗೇ ಹಾಕಿದೆ. ಆ ಕೋರ್ಸು ಇಲ್ಲ ಕಣೇ. ಎಲ್ಲಿಯೂ ಇಲ್ಲ, ಯಾವತ್ತೂ ಇರಲಿಲ್ಲ. ನೀನು ನನ್ನ ಮುಖ ನೋಡಿದೆ, ನಿನಗೆ ಎಲ್ಲಾ ಗೊತ್ತಾಗಿಹೋಯಿತು.

ನೀನು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನು ಕೈ ತೊಳೆದು, ತಟ್ಟೆ ತೊಳೆದು ಬೋರಲು ಹಾಕಿ, ಎರಡು ಜೊತೆ ಬಟ್ಟೆ ತುಂಬಿಕೊಂಡು, ಅಜ್ಜಿ ಮನೆಗೆ ಹೋಗುತ್ತೇನೆ ಎಂದಷ್ಟೇ ಹೇಳಿ ಹೊರಟುಬಿಟ್ಟೆ. ನಿಮ್ಮಪ್ಪ ರೈಲ್ವೆ ಸ್ಟೇಷನ್ನಿನಿಂದ ಡ್ಯೂಟಿ ಮುಗಿಸಿ ಬಂದಾಗಲೂ ನಾನು ಎಂಜಲು ಕೈ ಒಣಗಿಸಿಕೊಂಡು ಅಲ್ಲೇ ಕೂತಿದ್ದೆ.

ಅದೇ ದೊಡ್ಡ ಪೆಟ್ಟು ಅಂದುಕೊಂಡಿದ್ದೆ. ಶುಕ್ರವಾರ ಇನ್ನೊಂದು ಬಿತ್ತು. ಉಮೇಶ್ ಅಂಚೆಯಲ್ಲಿ ಬಂದ ಒಂದು ಅರ್ಜಿ ಹಿಡಿದುಕೊಂಡು ಬಂದು, “ಇದು ನಮ್ ಸಿರೀದಾ ಮೇಡಂ? ನಮ್ ಕಾಲೇಜು ಬ್ಯಾಡ್ವಂತಾ?” ಎಂದು ನನ್ನ ಮೇಜಿನ ಮೇಲಿಟ್ಟ. ನಿನ್ನ ಟಿ.ಸಿ. ಅರ್ಜಿ. ಹಳೇಬೀಡಿನ ಕಾಲೇಜಿಗೆ ಸೇರಲು. ಅದೂ ಎಲ್ಲಿಗೆ? ಮತ್ತೆ ಪ್ರಥಮ ಪಿಯುಸಿಗೆ! ತೊಂಬತ್ತೊಂದು ಪರ್ಸೆಂಟ್ ತೆಗೆದು ಪಾಸಾದ ಒಂದು ಇಡೀ ವರ್ಷವನ್ನು ಹರಿದು ಬಿಸಾಕಿ, ನಿನಗಿಂತ ಚಿಕ್ಕವರ ಜೊತೆ ಮೊದಲಿನಿಂದ ಕೂರುತ್ತೀಯ. ಕಾರಣ ಎಂಬ ಕಡೆ ನೀನು ಬರೆದಿದ್ದೆ: “ನನ್ನ ವಿಷಯಗಳನ್ನು ನಾನೇ ಆರಿಸಿಕೊಳ್ಳಲು.” ದಪ್ಪ ನಿಬ್ಬು, ಕಪ್ಪು ಶಾಯಿ. ಅಜ್ಜನ ಪೆನ್ನು. ನನ್ನ ಮುಖ ನೋಡಿ ಉಮೇಶ್ ಓಡಿಹೋಗಿ ನೀರು ತಂದುಕೊಟ್ಟ.

ಹೋದ ವರ್ಷ ಏನಾಯಿತೆಂದು ನಿನಗೆ ಅರ್ಧ ಗೊತ್ತು. ಉಳಿದರ್ಧ ಕೇಳು.

ಪ್ರತಿ ಮೇ ತಿಂಗಳು ನಮ್ಮ ಕಾಲೇಜಿನ ಹೊಂಗೆ ಮರದ ಕೆಳಗೆ ಒಂದು ಮೇಜು ಹಾಕಿಕೊಂಡು ಕೂರುವವಳು ನಾನು. ಗಂಡಸಿಯಿಂದ, ಜಾವಗಲ್‌ನಿಂದ ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. “ನೀವ್ ಯೋಳ್ದಂಗೆ ಕಣ್ರೀ ಮೇಡಂ, ಯಾವ್ದು ತಗಂಡ್ರೆ ಮುಂದಕ್ಕೆ ಒಳ್ಳೇದು?” ಎನ್ನುತ್ತಾರೆ. ನಾನು ಕನ್ನಡಕ ಮೇಲೇರಿಸಿ, ಮೊದಲು ಮಗು ಮುಂದೆ ಏನಾಗಬೇಕೆಂದಿದೆ ಅದನ್ನು ಹೇಳಿ, ಅದರ ಮೇಲೆ ವಿಷಯ ಆರಿಸೋಣ, ಹಿಂದುಮುಂದು ಮಾಡಿದರೆ ಎರಡು ವರ್ಷ ನೀರಲ್ಲಿ ಹೋಮ, ಎನ್ನುತ್ತೇನೆ. ಇಡೀ ತಾಲ್ಲೂಕಿಗೆ ಬುದ್ಧಿ ಹೇಳುವ ಹೆಂಗಸು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಯಾರಿಗೂ ಕಾಣಲಿಲ್ಲ.

ನಿನಗೆ ಏನಾಗಬೇಕೆಂದಿದೆ ಎಂದು ನನಗೆ ಗೊತ್ತಿರಲಿಲ್ಲವೇ? ನೀನು ಆರನೇ ಕ್ಲಾಸಿನಲ್ಲಿದ್ದಾಗ ಅಜ್ಜಿಯ ಕೆಂದಿ ಹಸುವಿನ ಕರು ಅಡ್ಡ ಸಿಕ್ಕಿಕೊಂಡಿತ್ತು. ಹಳೇಬೀಡಿನಿಂದ ಬಂದ ಡಾಕ್ಟರಮ್ಮ ಭುಜದವರೆಗೂ ಕೈಹಾಕಿ ಒದ್ದಾಡುತ್ತಿದ್ದರೆ ದೊಡ್ಡವರೆಲ್ಲ ಮುಖ ಆಚೆ ತಿರುಗಿಸಿದರು. ಹಗ್ಗ ಹಿಡಿದು ನಿಂತವಳು ನೀನು. ಕರು ಉಸಿರಾಡಿದಾಗ ಆ ಡಾಕ್ಟರಮ್ಮನನ್ನು ನೀನು ಕೇಳಿದ ಮೊದಲ ಮಾತೇ, ನಿಮ್ಮ ಹಾಗೆ ಆಗೋಕೆ ಏನು ಓದಬೇಕು ಎಂದು. ಆವತ್ತಿನಿಂದ ನಿನ್ನದು ಒಂದೇ ಹಾಡು, ಹಾಸನದ ವೆಟರ್ನರಿ ಕಾಲೇಜು.

ಹೋದ ವರ್ಷ ನೀನು ಪಿಸಿಎಂಬಿ ಎಂದು ಬರೆದು ಫಾರಂ ಕೊಟ್ಟೆ. ಸರಿಯಾಗಿಯೇ ಬರೆದಿದ್ದೆ. ಅದೇ ವಾರ ಆಡಳಿತ ಮಂಡಳಿಯವರು ನನ್ನನ್ನು ಕರೆದರು. ನನ್ನ ವಿಭಾಗ ಪಿಸಿಎಂಸಿ, ಜೀವಶಾಸ್ತ್ರದ ಜಾಗದಲ್ಲಿ ಕಂಪ್ಯೂಟರ್ ವಿಜ್ಞಾನ. ಅದಕ್ಕೆ ಸೇರಿದ್ದವರು ಹದಿನಾಲ್ಕು ಮಕ್ಕಳು. ಹದಿನೈದಾಗದಿದ್ದರೆ ಮುಚ್ಚುತ್ತೇವೆ ಎಂದರು. ಮುಚ್ಚಿದರೆ ಆ ಹದಿನಾಲ್ಕು ಜನ ಬೇರೆ ಊರು ನೋಡಿಕೊಳ್ಳಬೇಕು, ಗಂಡಸಿಯ ಮೇಧಿನಿಯನ್ನಂತೂ ಅವರ ಮನೆಯವರು ಹಾಸನಕ್ಕೆ ಕಳಿಸುವುದೇ ಇಲ್ಲ. ಇದನ್ನು ನಿನಗೆ ಹೇಳಿದ್ದೆ. ನಾನು ಹೇಳದೇ ಉಳಿಸಿದ್ದು: ಮುಚ್ಚಿದರೆ ನನ್ನ ಕೆಲಸವೂ ಹೋಗುತ್ತಿತ್ತು. ಮನೆ ನಡೆಯುವುದಕ್ಕೆ ನಿಮ್ಮಪ್ಪನ ಸಂಬಳ ಸಾಕಿತ್ತು, ಅದಕ್ಕಾಗಿ ಅಲ್ಲ. ಆ ಲ್ಯಾಬು, ಆ ಮೇಜು, ಬಾಗಿಲ ಮೇಲಿನ ನನ್ನ ಹೆಸರು, ಅವನ್ನು ಬಿಡಲು ನನಗೆ ಆಗಲಿಲ್ಲ. ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಎರಡೇ ತಿಂಗಳು ನಮ್ಮ ವಿಭಾಗದಲ್ಲಿ ಕೂತಿರು, ಜುಲೈ ಕೊನೆಯವರೆಗೂ ವಿಷಯ ಬದಲಾಯಿಸಲು ಅವಕಾಶವಿದೆ, ಅಷ್ಟರಲ್ಲಿ ಇನ್ನೊಬ್ಬರು ಯಾರಾದರೂ ಸೇರುತ್ತಾರೆ, ಎಂದು ನಿನ್ನನ್ನು ಒಪ್ಪಿಸಿದೆ. ಮೇಧಿನಿಯ ವಿಷಯ ಕೇಳಿ ನೀನು ಹೂಂ ಎಂದೆ. ಹೊಸ ಫಾರಂ ನಾನೇ ತುಂಬಿದೆ. ನೀನು ಬರೀ ಸಹಿ ಹಾಕಿದೆ.

ಶುಕ್ರವಾರ ನಿನ್ನ ಅರ್ಜಿ ಓದಿದ ಮೇಲೆ ನನಗೆ ನೆನಪಾದದ್ದು ಅಜ್ಜ. ನಿನಗೆ ಆ ಕಥೆ ಗೊತ್ತು, ಆದರೂ ನನ್ನ ಬಾಯಿಂದ ಇನ್ನೊಮ್ಮೆ ಕೇಳು. ಅಜ್ಜ ಹತ್ತನೇ ಕ್ಲಾಸು ಮುಗಿಸಿ, ಸೈನ್ಸ್ ಓದಬೇಕೆಂದು ಹನ್ನೆರಡು ಮೈಲಿ ನಡೆದು ಕಾಲೇಜಿಗೆ ಹೋದರು. ಯಾವ ಊರಿನ ಕಾಲೇಜೆಂದು ಇಂದಿಗೂ ಹೇಳುವುದಿಲ್ಲ. ಅಲ್ಲಿನ ಗುಮಾಸ್ತ ತಲೆಯೆತ್ತದೆ, ನಮ್ಮ ಕೇರಿಯಿಂದ ಬಂದಿದ್ದ ನಾಲ್ಕೂ ಹುಡುಗರ ಹೆಸರಿನ ಮುಂದೆ ‘ಕಲಾ ವಿಭಾಗ’ ಎಂದು ಬರೆದುಬಿಟ್ಟ. “ನಮ್ಮನ್ನ ಯಾರೂ ಕೇಳ್ಲಿಲ್ಲ ಕಣವ್ವ. ಅವ್ರು ಬರ್ಕೊಂಡ್ರು, ನಾವು ಕುಂತ್ಕೊಂಡ್ವಿ” ಎನ್ನುತ್ತಿದ್ದರು. ಮೇಷ್ಟ್ರಾಗಿ ಮೊದಲ ಸಂಬಳ ಬಂದಾಗ ಆ ಪೆನ್ನು ಕೊಂಡರು. ಆಮೇಲೆ ನಮ್ಮ ಮನೆಯಲ್ಲಿ ಅದೊಂದು ಪದ್ಧತಿಯೇ ಆಯಿತು: ಹತ್ತನೇ ಕ್ಲಾಸು ಮುಗಿದ ಮೇಲೆ ತುಂಬುವ ಫಾರಂ ಅವರವರೇ ತುಂಬಬೇಕು, ಆ ಪೆನ್ನಿನಲ್ಲೇ ತುಂಬಬೇಕು, ಪಕ್ಕದಲ್ಲಿ ಯಾರೂ ನಿಲ್ಲಬಾರದು. ನಾನು ತುಂಬಿದ ದಿನ ಅಜ್ಜ ಹೊರಗೆ ಹೋಗಿ ಹುಣಸೆ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತಿದ್ದರು. ಏನು ಬರೆದೆ ಎಂದು ಒಂದು ವಾರ ಕೇಳಲಿಲ್ಲ.

ನೀನು ಕೂಡ ಹಾಗೇ ತುಂಬಿದ್ದೆ. ಆ ಫಾರಂ ತೆಗೆದಿಟ್ಟು ಬಾಲ್ ಪೆನ್ನಿನಲ್ಲಿ ಇನ್ನೊಂದು ತುಂಬಿದವಳು ನಾನು. ಆ ಗುಮಾಸ್ತನಿಗೂ ನನಗೂ ಏನು ವ್ಯತ್ಯಾಸ ಸಿರಿ? ಅವನಿಗೆ ಅಜ್ಜ ಯಾರೋ ಏನೋ. ನಾನು ಹೆತ್ತವಳು. ಇದು ಹೊಳೆದ ಗಳಿಗೆಯಿಂದ ನನಗೆ ನನ್ನ ಕೈ ನೋಡಲೂ ದಿಗಿಲು.

ಈಗ ಆ ಕೊನೆಯ ದಿನದ ವಿಷಯ. ಜುಲೈನಲ್ಲಿ ನೀನು ಮಾದಿಹಳ್ಳಿಗೆ ಹೋಗಿ, ಬದಲಾವಣೆಯ ಅರ್ಜಿಯನ್ನು ಅಜ್ಜನ ಪೆನ್ನಿನಲ್ಲೇ ಬರೆದುಕೊಂಡು ಬಂದು, ಆಫೀಸಿಗೆ ಕೊಡಮ್ಮ ಎಂದು ನನ್ನ ಕೈಗೆ ಕೊಟ್ಟೆ. ಆಗ ಕಿರುಪರೀಕ್ಷೆಗಳ ಗಡಿಬಿಡಿ. ಅರ್ಜಿ ಪುಸ್ತಕಗಳ ನಡುವೆ ಎಲ್ಲೋ ಸೇರಿಹೋಯಿತು. ಕೊನೆಯ ದಿನ ಕಳೆದ ಮೇಲೆ ನೆನಪಾಯಿತು. ನಿನಗೆ ಹೇಳಲು ಹೆದರಿ, ಬಯಾಲಜಿಯಲ್ಲಿ ಜಾಗ ತುಂಬಿದೆಯಂತೆ, ಪರವಾಗಿಲ್ಲ, ಎರಡನೇ ವರ್ಷ ಮುಗಿದ ಮೇಲೆ ಮೂರು ತಿಂಗಳ ಕೋರ್ಸು ಮಾಡಿದರೆ ಸಾಕಂತೆ ಎಂದುಬಿಟ್ಟೆ. ಒಂದು ಸುಳ್ಳಿಗೆ ಇನ್ನೊಂದು ಊರುಗೋಲು. ಅಜ್ಜ ಕೇಳಿದರೆ, ಅಮ್ಮ ದಿನಾಂಕ ಮರೆತಳು ಎಂದಷ್ಟೇ ಹೇಳು. ಬಾಕಿಯದು ಅವರಿಗೆ ಬೇಡ. ಈ ವಯಸ್ಸಿನಲ್ಲಿ ಅವರು ತಡೆದುಕೊಳ್ಳಲಾರರು.

ನಿನ್ನ ಟಿ.ಸಿ. ಅರ್ಜಿಯನ್ನು ಒಂದು ರಾತ್ರಿ ಮೇಜಿನ ಖಾನೆಯಲ್ಲಿಟ್ಟಿದ್ದೆ, ನಿಜ. ಆಕ್ಷೇಪಣೆ ಇಲ್ಲ ಎಂದು ಕ್ಲಾಸ್ ಟೀಚರ್ ಸಹಿ ಬೇಕು, ಆ ಕ್ಲಾಸ್ ಟೀಚರ್ ನಾನೇ. ನಿನ್ನ ಹೆಸರು ಹೊಡೆದರೆ ಆ ತರಗತಿ ಮತ್ತೆ ಹದಿನಾಲ್ಕು. ಈ ಸಲ ಹೊಸದಾಗಿ ಸೇರಿದವರು ಒಂಬತ್ತೇ ಮಂದಿ. ಮಂಡಳಿಯವರು ಮುಂದಿನ ವಾರ ಲೆಕ್ಕ ನೋಡುತ್ತಾರೆ. ಏನಾಗುವುದೋ ಆಗಲಿ. ನಿನ್ನೆ ಸಹಿ ಹಾಕಿ ಪ್ರಿನ್ಸಿಪಾಲರ ಕೈಗೆ ಕೊಟ್ಟಿದ್ದೇನೆ. ಬುಧವಾರದೊಳಗೆ ಟಿ.ಸಿ. ಸಿಗುತ್ತದೆ. ಮೇಧಿನಿಯನ್ನೂ ಅವಳ ಜೊತೆಯವರನ್ನೂ ಎರಡನೇ ವರ್ಷ ಮುಗಿಯುವವರೆಗೆ ನಡುನೀರಿನಲ್ಲಿ ಕೈಬಿಡಬಾರದೆಂದು ಮಾತ್ರ ಬರೆದುಕೊಟ್ಟಿದ್ದೇನೆ. ನನ್ನ ಕೆಲಸದ ಬಗ್ಗೆ ಏನನ್ನೂ ಬರೆದಿಲ್ಲ.

ಬಯಾಲಜಿ ಲೆಕ್ಚರರ್ ಉಷಾರಾಣಿಯವರಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ಎದ್ದು ಬಾಗಿಲು ಹಾಕಿ ಬಂದು, “ಯಶೋಧರಾ, ನೀವಾ?” ಎಂದರು. ಅಷ್ಟೇ ಸಾಕಾಯಿತು. ಅವರು ಕೊಟ್ಟ ಪ್ರಥಮ ಪಿಯುಸಿ ನೋಟ್ಸನ್ನು ಉಮೇಶ್ ಕೈಯಲ್ಲೇ ಕಳಿಸುತ್ತಿದ್ದೇನೆ. ಬೇಡವೆನ್ನಬೇಡ, ಅದು ನನ್ನದಲ್ಲ.

ನಿಮ್ಮಪ್ಪ ನನ್ನ ಜೊತೆ ಮಾತು ಬಿಟ್ಟು ನಾಲ್ಕು ದಿನವಾಯಿತು. ಒಂದು ವರ್ಷ ಹೋಯಿತಲ್ಲ ಎಂದು ಬಂದವರ ಹತ್ತಿರವೆಲ್ಲ ಹೇಳಿಕೊಳ್ಳುತ್ತಿದ್ದಾರೆ. ಹೋದದ್ದು ಬರೀ ವರ್ಷವಲ್ಲ ಎಂದು ನನಗೆ ಗೊತ್ತು. ನೀನು ಕೈಪಿಡಿ ಹಿಡಿದು ನನ್ನನ್ನು ಕೇಳಿದೆಯಲ್ಲ, ಹಾಗೆ ಇನ್ನು ಯಾವತ್ತಾದರೂ ಕೇಳುತ್ತೀಯಾ? ಆ ನಂಬಿಕೆ ನನಗೆ ಬೇಕು ಕಣೇ. ಅದಕ್ಕೆ ಯಾವ ಕೋರ್ಸು, ಎಷ್ಟು ವರ್ಷ, ನೀನೇ ಹೇಳು, ಮೊದಲಿನಿಂದ ಸೇರಿಕೊಳ್ಳುತ್ತೇನೆ.

ಬೈಸಿಕೊಳ್ಳಲು ಕಾದು ಕೂತಿರುವ,
ನಿನ್ನಮ್ಮ
ಯಶೋಧರಾ

ತಾ.ಕ.: ಲಕೋಟೆ ಅಂಟಿಸಿಟ್ಟಿದ್ದೆ. ಅದನ್ನೇ ನೋಡುತ್ತಾ ಕೂತಿದ್ದು ಈಗ ಹರಿದೆ. ಮರೆತೆ ಎಂದು ಬರೆದದ್ದು ಸುಳ್ಳು. ಇದರ ಜೊತೆ ಮಡಿಸಿಟ್ಟಿರುವ ಹಾಳೆ ನಿನ್ನ ಜುಲೈ ತಿಂಗಳ ಅರ್ಜಿ. ಕೊನೆಯ ದಿನ ಸಂಜೆ ನಾಲ್ಕಕ್ಕೆ ಉಮೇಶ್ ನನ್ನ ತರಗತಿಯ ಬಾಗಿಲಿಗೆ ಬಂದು, “ಬದಲಾವಣೆ ಅರ್ಜಿ ಇನ್ಯಾರ್ದಾದ್ರೂ ಐತಾ ಮೇಡಂ? ಎಲ್ಲಾನೂ ಕಟ್ಟಿ ಕಳಿಸ್ಬುಡ್ತೀನಿ” ಎಂದು ಕೇಳಿದ. ಅರ್ಜಿ ನನ್ನ ಹಾಜರಿ ಪುಸ್ತಕದೊಳಗೆ, ನನ್ನ ಮೊಣಕೈ ಕೆಳಗೇ ಇತ್ತು. ನಾನು ಅದನ್ನು ಆಗಲೇ ಕೊಟ್ಟಾಗಿದೆ ಎಂದು ನಂಬಿ ನೀನು ಎರಡನೇ ಬೆಂಚಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದೆ. ನಾನು ಇಲ್ಲ ಎಂದೆ. ಆಮೇಲೆ ಹಾಜರಿ ಕೂಗಿದೆ, ಹದಿನೈದನೆಯ ಹೆಸರಿಗೆ ನೀನು ‘ಎಸ್ ಮೇಡಂ’ ಎಂದೆ. ಅಜ್ಜನಿಗೆ ಮರೆತಳು ಎಂದು ಹೇಳಬೇಡ. ಈ ಹಾಳೆಯನ್ನು ಅವರ ಕೈಗೇ ಕೊಡು. ಕಣ್ಣು ಮಂಜಾಗಿದ್ದರೂ ತಮ್ಮ ಪೆನ್ನಿನ ಬರಹ ಅವರಿಗೆ ಗುರುತು ಸಿಗುತ್ತದೆ.