ನಟ್ಟಿನ ಮೇಲಿನ ಬಿಳಿ ಗೆರೆ

ಫೆಬ್ರವರಿ 9, ಬೆಳಗ್ಗೆ 7

ಮತ್ತೆ ಅದೇ. ಶೆಡ್ಡಿನ ಶಟರ್ ಎತ್ತುವ ಮುಂಚೆಯೇ ಭಾವ ಹಾಜರು. ಬಾಗಿಲ ಪಕ್ಕ ಹಳೇ ಟೈರ್ ಹಾಕಿಕೊಂಡು, ಟೀ ಲೋಟ ಹಿಡಿದು, ಪೇಪರ್ ಹರಡಿಕೊಂಡು ಕೂರುವುದು. ಕಣ್ಣು ಪೇಪರಿನ ಮೇಲಿಲ್ಲ, ನನ್ನ ಕೈ ಮೇಲೆ. ಈ ಮನುಷ್ಯನಿಗೆ ಬೇರೆ ಜಾಗವೇ ಇಲ್ಲವೇ ಎಂದು ಕೇಳುವ ಹಾಗೂ ಇಲ್ಲ. ಮನೆ ಅವರದು, ಶೆಡ್ಡೂ ಅವರದು. ನಾನು ಅಕ್ಕನ ತಮ್ಮ. ಎಡ ಮಂಡಿಯ ಕೆಳಗೆ ಏನೂ ಇಲ್ಲದ ತಮ್ಮ.

ನನ್ನ ಮೂರು ಚಕ್ರದ ಗಾಡಿಯ ಚೌಕಟ್ಟಿನ ವೆಲ್ಡಿಂಗ್ ಮುಗಿಯಿತು. ಮುಂದೆ ಬೈಕಿನ ಫೋರ್ಕು, ಒಂದು ಚಕ್ರ. ಹಿಂದೆ ಹಳೇ ಕಾರಿನ ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಎರಡು ಚಕ್ರ. ಕ್ಲಚ್ ಎಡಗೈಗೆ. ಬಲಗಾಲಿಗೆ ಒಂದು ಬ್ರೇಕು, ಬಲಗೈಗೆ ಒಂದು, ಹ್ಯಾಂಡ್‌ಬ್ರೇಕ್ ಬೇರೆ. ಮೂರು! ಒಬ್ಬರಾದರೂ ಯಾಕೆ ಮೂರು ಅಂತ ಕೇಳಲಿ ನೋಡೋಣ.

ಅಕ್ಕ ಬಂದು, "ಹಿಂದೆ ಇನ್ನೊಂದು ಸೀಟು ಹಾಕೋ. ನಾನೂ ಬರ್ತೀನಿ" ಎಂದಳು.

ಹಾಕುವುದಿಲ್ಲ. ಒಂದೇ ಸೀಟು. ನಾಲ್ಕು ವರ್ಷದಿಂದ ಎಲ್ಲಿಗೆ ಹೋಗಬೇಕಾದರೂ ಯಾರದೋ ಹೆಗಲು. ಇನ್ನು ನಾನು, ನನ್ನ ಗಾಡಿ. ಅಷ್ಟೇ.

ಫೆಬ್ರವರಿ 10

ಅಡುಗೆಮನೆ ನಲ್ಲಿಗೆ ಹೊಸ ವಾಷರ್ ಹಾಕಿದೆ. "ಬಿಗಿ ಮಾಡಿದ್ಯೇನೋ?" ಎಂದಳು ಅಕ್ಕ. ಮಾಡಿದೆ ಎಂದೆ. ನಾನು ಬಾಗಿಲು ದಾಟುವುದನ್ನೇ ಕಾದು ತಾನೇ ಒಂದು ಸಲ ತಿರುಗಿಸಿ ನೋಡಿದಳು. ಫ್ಯಾನಿಗೂ ಹೀಗೇ, ಗ್ಯಾಸ್ ಪೈಪಿಗೂ ಹೀಗೇ. ಬೇಕಂತ ಮಾಡುವುದಲ್ಲ ಅವಳು. ಅದಕ್ಕೇ ಹೆಚ್ಚು ಉರಿಯುತ್ತದೆ.

ಎಲ್ಲ ಆ ಒಂದು ಮಾತಿನಿಂದ. "ಬ್ರೇಕ್ ಹಿಡೀಲಿಲ್ಲ." ಆಸ್ಪತ್ರೆಯಲ್ಲಿ, ಪೊಲೀಸರ ಮುಂದೆ, ನೆಂಟರ ಮುಂದೆ — ಭಾವ ಎಲ್ಲ ಕಡೆ ಅದನ್ನೇ ಹೇಳಿದರು. ಅಪಘಾತದ ದಿನ ಕಾರು ಓಡಿಸುತ್ತಿದ್ದವರು ಅವರು, ಪಕ್ಕದ ಸೀಟಿನಲ್ಲಿ ನಾನು. ಹಿಂದಿನ ಸಂಜೆ ಬ್ರೇಕಿನ ಕೆಲಸ ಮಾಡಿದ್ದವನು ನಾನು. ಅಲ್ಲಿಗೆ ಲೆಕ್ಕ ಮುಗಿಯಿತು. ನನ್ನ ಕಾಲು ಹೋದದ್ದಕ್ಕೆ ನಾನೇ ಕಾರಣ.

ಇಪ್ಪತ್ತೆರಡು ವರ್ಷ ಗ್ಯಾರೇಜ್ ನಡೆಸಿದವನು ನಾನು. ನಟ್ ಬಿಗಿ ಮಾಡಿದ ಮೇಲೆ ಎರಡನೇ ಸಲ ಸ್ಪ್ಯಾನರ್ ಇಟ್ಟು ನೋಡುತ್ತೇನೆ. ಆಮೇಲೆ ನಟ್ಟಿಗೂ ಲೋಹಕ್ಕೂ ಸೇರಿಸಿ ಬಿಳಿ ಪೇಂಟಿನ ಒಂದು ಗೆರೆ. ನಟ್ ಸಡಿಲಾದರೆ ಗೆರೆ ಮುರಿದು ಕಾಣುತ್ತದೆ. ಆ ಕಾರಿನಲ್ಲೂ ಎಳೆದಿದ್ದೆ. ನಾನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಕಾರು ಗುಜರಿಗೆ ಹೋಗಿತ್ತು. ಯಾರು ಕಳಿಸಿದ್ದು? ಭಾವ.

ಫೆಬ್ರವರಿ 16

ಜಗಳ. ವೆಲ್ಡಿಂಗ್ ನೋಡಿ ಭಾವ, "ಇದು ತಡೆಯುತ್ತೇನೋ?" ಎಂದರು.

"ನೀವು ಮುಂದೆ ನೋಡ್ಕೊಂಡು ಓಡ್ಸಿದ್ರೆ ನಂಗೆ ಇದ್ನೆಲ್ಲಾ ವೆಲ್ಡ್ ಮಾಡೋ ಗತಿ ಬರ್ತಿರ್ಲಿಲ್ಲ ಭಾವ."

"ಮೂವತ್ತು ವರ್ಷ ಬಸ್ ಓಡ್ಸಿದೀನಿ ನಾನು. ಒಂದು ಗೀರು ಬಿದ್ದಿಲ್ಲ. ನಂಗೆ ಹೇಳಕ್ಕೆ ಬರ್ಬೇಡ."

ಸುತ್ತಿಗೆ ಎಸೆದೆ. ಅವರ ಕಡೆಗಲ್ಲ, ಗೋಡೆಗೆ. ಅಕ್ಕ ಓಡಿ ಬಂದಳು. ಹೊಸ ಕಾನೂನು ಮಾಡಿದಳು: "ಈ ಶೆಡ್ಡಲ್ಲಿ ಇಬ್ರೂ ಬಾಯಿ ಬಿಡಂಗಿಲ್ಲ. ಕೆಲ್ಸದ ಮಾತಂತೂ ಎತ್ತಲೇಬಾರ್ದು. ಯಾರು ಬಿಟ್ರೂ ಬೀಗ ಹಾಕ್ತೀನಿ."

ಒಳ್ಳೆಯದೇ ಆಯಿತು. ಪೀಡೆ ತೊಲಗಿತು.

ಫೆಬ್ರವರಿ 24, ಮಧ್ಯಾಹ್ನ

ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಶಾಫ್ಟು ಚೌಕಟ್ಟಿನ ಅಡ್ಡ ಪೈಪಿಗೆ ತಾಗುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆ. ಇವತ್ತು ಹೊಳೆಯಿತು. ಇಡೀ ಆಕ್ಸಲನ್ನು ಭಾರ ಎತ್ತುವ ಚೈನ್ ಬ್ಲಾಕಿಗೆ ನೇತುಹಾಕಿ ತಲೆಕೆಳಗು ಮಾಡಿ ಕೂರಿಸಿದೆ. ಶಾಫ್ಟು ಮೇಲೆ ಬಂತು, ಬೆಣ್ಣೆಯಂತೆ ಕೂತಿತು. ಪೈಪ್ ಕತ್ತರಿಸುವ ಕೆಲಸ ತಪ್ಪಿತು. ಎಲ್ಲ ನಟ್ಟಿಗೂ ಬಿಳಿ ಗೆರೆ.

ಭಾವ ಪೇಪರ್ ಇಳಿಸಿದರು. ಆಕ್ಸಲನ್ನೇ ನೋಡಿದರು... ಬಾಯಿ ತೆರೆದರು. ನಾನು ತುಟಿಗೆ ಬೆರಳಿಟ್ಟು ತೋರಿಸಿದೆ. ಅಕ್ಕನ ಕಾನೂನು! ಪೇಪರ್ ಮಡಚಿಕೊಂಡು ಎದ್ದು ಹೋದರು. ನನ್ನ ಜಾಣತನ ನೋಡಿ ಹೊಟ್ಟೆಕಿಚ್ಚು. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಮಾರ್ಚ್ 14

ಇಂಜಿನ್ ಸ್ಟಾರ್ಟ್ ಆಯಿತು. ನ್ಯೂಟ್ರಲ್‌ನಲ್ಲಿ ಹತ್ತು ನಿಮಿಷ ಓಡಿಸಿದೆ. ಅದರ ಸದ್ದಿಗೆ ಕಣ್ಣಲ್ಲಿ ನೀರು ಬಂತು, ಹೊಗೆ ಎಂದು ಒರೆಸಿಕೊಂಡೆ. ಭಾವ ಈಗ ಪೇಪರ್ ತರುವುದಿಲ್ಲ. ಸುಮ್ಮನೆ ಕೂರುತ್ತಾರೆ. ಏನು ಕಾಯುತ್ತಿದ್ದಾರೋ.

ಭಾನುವಾರ ಟ್ರಯಲ್.

ಮಾರ್ಚ್ 17, ಭಾನುವಾರ

ಬರೆಯಲು ಕೈ ಬರುತ್ತಿಲ್ಲ.

ಅಕ್ಕ ಗೇಟು ತೆಗೆದು ನಿಂತಿದ್ದಳು. ಎದುರು ಮನೆಯ ಟೈಲರ್ ಹೊಲಿಗೆ ಬಿಟ್ಟು ಬಂದಿದ್ದ. ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟೆ. ಗಾಡಿ ಹಿಂದಕ್ಕೆ ನುಗ್ಗಿತು. ಬ್ರೇಕ್ ಹಿಡಿಯುವಷ್ಟರಲ್ಲಿ ಶೆಡ್ಡಿನ ಶೆಲ್ಫು, ಪೇಂಟಿನ ಡಬ್ಬಿ, ಬ್ಯಾಟರಿ, ಎಲ್ಲ ನೆಲಕ್ಕೆ.

"ರಿವರ್ಸ್ ಹಾಕ್ಬಿಟ್ರಾ ಸಾರ್?" ಎಂದ ಟೈಲರ್.

ಇಲ್ಲ. ಆಕ್ಸಲ್ ತಲೆಕೆಳಗಾದರೆ ಚಕ್ರವೂ ಉಲ್ಟಾ ತಿರುಗುತ್ತದೆ. ಮೊದಲ ವರ್ಷ ಕೆಲಸ ಕಲಿಯುವವನಿಗೂ ಗೊತ್ತಾಗಬೇಕಾದ್ದು. ನಾಲ್ಕು ಗೇರು ಹಿಂದಕ್ಕೆ, ಒಂದು ಮುಂದಕ್ಕೆ. ನನ್ನ ಬದುಕಿಗೆ ಹೇಳಿ ಮಾಡಿಸಿದ ಗಾಡಿ.

ಅಕ್ಕ ಬೈಯಲಿಲ್ಲ. ಕನಿಕರದಿಂದ ನೋಡಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮಾರ್ಚ್ 21

ಶೆಡ್ಡಿಗೆ ಹೋಗಿಲ್ಲ. ಇಷ್ಟು ದೊಡ್ಡದು ನನ್ನ ಕಣ್ಣಿಗೆ ಬೀಳಲಿಲ್ಲ ಎಂದರೆ... ಆ ಬಿಳಿ ಗೆರೆ ನಿಜವಾಗಿ ಎಳೆದಿದ್ದೆನೇ? ಆ ಸಂಜೆಯದೇ ನೆನಪೋ, ಬೇರೆ ಯಾವುದೋ ಕಾರಿನದೋ? ಅಡುಗೆಮನೆಯಲ್ಲಿ ಅಕ್ಕನಿಗೆ ಹೇಳಿಯೇಬಿಟ್ಟೆ: "ಇರ್ಬೋದು ಅಕ್ಕ. ಆವತ್ತೂ ನಂದೇ ತಪ್ಪಿರ್ಬೋದು."

ಅಕ್ಕ ತಲೆ ಸವರಿದಳು. ಭಾವ ಊಟದ ತಟ್ಟೆ ಬಿಟ್ಟು ಎದ್ದರು.

ಮಾರ್ಚ್ 22, ಸಂಜೆ 5

ಭಾವ ಕರೆದರು, ಶೆಡ್ಡಿಗೆ. ಟೈರಿನ ಮೇಲೆ ಕೂರಲಿಲ್ಲ. ಶಟರ್ ಅರ್ಧ ಎಳೆದರು.

"ಆಕ್ಸಲ್ ಮಗುಚಿದಾಗ್ಲೇ ನಂಗೊತ್ತಾಗಿತ್ತು. ಡಿಪೋದಲ್ಲಿ ಹಿಂದೊಂದ್ಸಲ ಹೀಗೇ ಆಗಿತ್ತು. ಬಸ್ಸು ಹಿಂದಕ್ಕೆ ಹೋಗಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ? ಅಕ್ಕನ ಕಾನೂನಾ?"

"ಅಲ್ಲ. ನೀನೊಂದು ತಪ್ಪು ಮಾಡ್ಲಿ ಅಂತ ಕಾಯ್ತಿದ್ದೆ. ಒಂದೇ ಒಂದು... ಆಗ ನಾನು ಹೇಳಿದ್ದೂ ನಿಜ ಆಗ್ಬಿಡುತ್ತೆ ಅಂತ."

ನನಗೆ ಅರ್ಥವಾಗಲಿಲ್ಲ. ಅಥವಾ ಆಯಿತೋ.

"ಬ್ರೇಕು ಸರಿಯಾಗೇ ಇತ್ತು ಕಣೋ. ನಾನು ಕಾಲಿಡ್ಲೇ ಇಲ್ಲ. ನಿದ್ದೆ ಹತ್ತಿತ್ತು."

ಕೈಯಲ್ಲಿ ಹದಿನೇಳರ ಸ್ಪ್ಯಾನರ್ ಇತ್ತು. ಹೊಡೆಯಬೇಕು ಅನ್ನಿಸಿತು. ಸುಳ್ಳೇಕೆ, ತಲೆಯ ಮೇಲೆ ಜಾಗವನ್ನೂ ನೋಡಿಟ್ಟುಕೊಂಡೆ. ಮೂವತ್ತು ವರ್ಷದ ಒಂದು ಗೀರಿಲ್ಲದ ಹೆಸರಿಗೆ ನನ್ನ ಇಪ್ಪತ್ತೆರಡು ವರ್ಷವನ್ನು ಗುಜರಿಗೆ ಹಾಕಿದ ಮನುಷ್ಯ. ಅಳುತ್ತಿದ್ದರು. ಅಳಲಿ.

"ಅಕ್ಕಂಗೆ ಹೇಳಿ" ಎಂದೆ.

"ನೀನೇ ಹೇಳಪ್ಪ..."

"ನಾನು ಹೇಳಿದ್ರೆ ಅವ್ಳು ನಂಬಲ್ಲ. ನಾಲ್ಕು ವರ್ಷದಿಂದ ಹೇಳ್ತಾನೇ ಇದೀನಿ."

ಮಾರ್ಚ್ 24

ಆಕ್ಸಲ್ ಬಿಚ್ಚಿದೆ. ಅಡ್ಡ ಪೈಪ್ ಕತ್ತರಿಸಿ ಮೇಲಕ್ಕೆ ಏರಿಸಬೇಕು. ಮೊದಲೇ ಮಾಡಬೇಕಾಗಿದ್ದ ಕೆಲಸ. ಚೈನ್ ಬ್ಲಾಕಿನ ಕೊಕ್ಕೆ ಟ್ರಯಲ್ ದಿನದ ಹೊಡೆತಕ್ಕೆ ಬಾಗಿದೆ, ಎತ್ತಲು ಇನ್ನೊಂದು ಜೊತೆ ಕೈ ಬೇಕು. ಭಾವನನ್ನು ಕರೆದೆ. ಕ್ಷಮಿಸಿದ್ದಕ್ಕಲ್ಲ, ಭಾರ ಇತ್ತು, ಅದಕ್ಕೆ. ಅವರು ಹಿಡಿದರು, ನಾನು ಬಿಗಿ ಮಾಡಿದೆ. ಅವರ ಉಸಿರು ಮುಖಕ್ಕೆ ತಾಗುವುದೂ ಅಸಹ್ಯವಾಯಿತು.

ಕೊನೆಗೆ ಹೇಳಿದೆ: "ಮುಂದಿನ ಭಾನುವಾರ ಹೊರಡ್ತೀನಿ. ಅಷ್ಟರೊಳಗೆ ಅಕ್ಕಂಗೆ ಹೇಳಿ."

ಮಾರ್ಚ್ 30

ಭಾವ ಇನ್ನೂ ಹೇಳಿಲ್ಲ. ಅಕ್ಕ ಇವತ್ತೂ ನಲ್ಲಿ ತಿರುಗಿಸಿ ನೋಡಿದಳು.

ಮಾರ್ಚ್ 31, ಬೆಳಗ್ಗೆ 6:40

ಗಾಡಿ ಮೇಲೆಯೇ ಕೂತು ಬರೆಯುತ್ತಿದ್ದೇನೆ, ಟ್ಯಾಂಕಿನ ಮೇಲೆ ಪುಸ್ತಕ. ಇಂಜಿನ್ ಬಿಸಿಯಾಗಲಿ. ಫಸ್ಟ್ ಗೇರ್ ನೋಡಿಯಾಯಿತು, ಮುಂದಕ್ಕೇ ಹೋಗುತ್ತದೆ. ಭಾವ ಒಳಗೆ ಹೋಗಿ ಕಾಲು ಗಂಟೆ. ಇಂಜಿನ್ ಸದ್ದನ್ನೂ ಮೀರಿ ಒಂದು ಪಾತ್ರೆ ಬಿದ್ದ ಸದ್ದು.

ಅಕ್ಕ ಹೊರಗೆ ಬಂದಳು. ಒಬ್ಬಳೇ. ಮುಖ ನೋಡಿದರೆ ಗೊತ್ತಾಗುತ್ತದೆ, ಹೇಳಿದ್ದಾರೆ. ನನ್ನನ್ನು ನೋಡುತ್ತಿಲ್ಲ. ಗಾಡಿ ಸುತ್ತ ಬಂದು ಹಿಂದಿನ ಚಕ್ರದ ಹತ್ತಿರ ಕೂತಳು. ಬ್ರೇಕಿನ ನಟ್ಟಿಗೆ ಕೈ ಹಾಕಿದಳು — ಹಾಳು ಅಭ್ಯಾಸ. ಮೈ ಉರಿಯಿತು. ಬೈಯಲು ಬಾಯಿ ತೆರೆದೆ.

ತಿರುಗಿಸಲಿಲ್ಲ. ಬಿಳಿ ಗೆರೆಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಾಳೆ. ಎಷ್ಟೊತ್ತಾಯಿತು... ಈಗ ಎದ್ದಳು. ಗೇಟು ತೆಗೆಯುತ್ತಿದ್ದಾಳೆ. ಏನೋ ಅನ್ನುತ್ತಿದ್ದಾಳೆ, ಇಂಜಿನ್ ಸದ್ದಿಗೆ ಕೇಳಿಸುತ್ತಿಲ್ಲ. ಆಫ್ ಮಾಡಿ ಕೇಳುತ್ತೇನೆ.